ನೂಲಿನ ಲಡಿಯಲ್ಲಿ 840

ಬೆಳಗಾವಿಯ ವಡಗಾವಿ, ಶಹಾಪುರ, ಖಾಸಬಾಗ ಭಾಗದಲ್ಲಿ ನೇಕಾರರ ಮನೆಗಳು ಹೆಚ್ಚು. ಅಲ್ಲಿ ಹತ್ತಿ ನೂಲಿನ ಮಾತು ಬಂದರೆ ಸಂಖ್ಯೆಯೂ ಜೊತೆಗೇ ಬರುತ್ತದೆ. ಇದು ನಲವತ್ತರ ನೂಲು, ಅದು ಅರವತ್ತರದು, ಇನ್ನೊಂದು ಎರಡು-ಎಂಬತ್ತು. ಈ ಸಂಖ್ಯೆಗೆ ಕೌಂಟ್ ಎನ್ನುತ್ತಾರೆ. ಕೌಂಟ್ ಏರಿದಷ್ಟೂ ನೂಲು ಸಣ್ಣದಾಗುತ್ತದೆ. ನಲವತ್ತರ ನೂಲಿಗಿಂತ ಅರವತ್ತರದು ಸಣ್ಣ, ಅದಕ್ಕಿಂತ ಎಂಬತ್ತರದು ಇನ್ನೂ ಸಣ್ಣ.

ನಲವತ್ತು ಎಂದರೆ ಏನು ನಲವತ್ತು? ಒಂದು ಪೌಂಡ್ ತೂಕದ ನೂಲಿನಲ್ಲಿ ನಲವತ್ತು ಲಡಿ ಇದೆ ಎಂದು ಅರ್ಥ. ಲಡಿ ಎಂದರೆ 840 ಗಜ ಉದ್ದದ ನೂಲು. ಅರವತ್ತರ ನೂಲಾದರೆ ಅದೇ ಒಂದು ಪೌಂಡಿನಲ್ಲಿ ಅರವತ್ತು ಲಡಿ, ಅಂದರೆ 50,400 ಗಜ. ಎರಡು-ಎಂಬತ್ತು ಎಂದರೆ ಎಂಬತ್ತರ ಎರಡು ಎಳೆಗಳನ್ನು ಹುರಿಮಾಡಿದ ನೂಲು. ಅದರ ದಪ್ಪ ಸುಮಾರಾಗಿ ನಲವತ್ತರ ಒಂಟಿ ಎಳೆಯಷ್ಟು. ಕೈಮಗ್ಗಕ್ಕೆ ನೂಲು ಲಡಿಯಾಗಿ ಬರಲಿ, ವಿದ್ಯುತ್ ಮಗ್ಗಕ್ಕೆ ಕೋನಿನಲ್ಲಿ ಬರಲಿ, ಹತ್ತಿ ನೂಲಿನ ಚೀಟಿಯ ಮೇಲಿನ ಕೌಂಟಿನ ಹಿಂದೆ ಈ 840 ಕೂತಿರುತ್ತದೆ. ರೇಷ್ಮೆ ಮತ್ತು ಪಾಲಿಯೆಸ್ಟರ್ ನೂಲಿಗೆ ಡೆನಿಯರ್ ಎಂಬ ಬೇರೆ ಲೆಕ್ಕವಿದೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಡೆನಿಯರ್. ಅದು ಇಲ್ಲಿ ಬೇಡ.

ಈ ಬರಹ 840ರ ಬಗ್ಗೆ. ಶಾಲೆ ಬಿಟ್ಟು ವರ್ಷಗಳಾದವರಿಗೂ, ಗಣಿತ ಎಂದರೆ ಹಿಂಜರಿಯುವವರಿಗೂ ಇದು ತಿಳಿಯಬೇಕು ಎಂಬುದು ನನ್ನ ಆಸೆ. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಒಂದು ಹಾಳೆ, ಒಂದು ಪೆನ್ನು ಹತ್ತಿರ ಇಟ್ಟುಕೊಳ್ಳಿ. ನಾನು ಮಾಡಿದ ಪ್ರತಿ ಲೆಕ್ಕವನ್ನೂ ನೀವೂ ಮಾಡಿ ನೋಡಿ. ಸುಮ್ಮನೆ ಓದಿದರೆ ಅರ್ಧ ಮಾತ್ರ ತಿಳಿದೀತು.

ಅಳತೆಯಲ್ಲಿ ಏಳು

ಮೊದಲು ಈ 840 ಗಜ ಹೇಗೆ ಕೂಡಿಬರುತ್ತದೆ ನೋಡೋಣ. ಹತ್ತಿ ನೂಲು ಅಳೆಯುವ ರೀಲಿನ ಸುತ್ತಳತೆ 54 ಇಂಚು. ಒಂದು ಗಜಕ್ಕೆ 36 ಇಂಚಿನಂತೆ ಇದು ಒಂದೂವರೆ ಗಜ. ಈ ರೀಲಿಗೆ 80 ಸುತ್ತು ನೂಲು ಸುತ್ತಿದರೆ 120 ಗಜವಾಗುತ್ತದೆ. ಅದಕ್ಕೆ ಒಂದು ಲೀ ಎಂದು ಹೆಸರು. ಇಂಥ ಏಳು ಲೀ ಸೇರಿದರೆ ಒಂದು ಲಡಿ: 7 × 120 = 840.

ಹತ್ತಲ್ಲ, ಹನ್ನೆರಡಲ್ಲ, ಏಳು ಲೀ. ಕೈಬೆರಳಿನ ಲೆಕ್ಕಕ್ಕೆ ಒಗ್ಗದ ಸಂಖ್ಯೆ ಇದು ಅನ್ನಿಸಬಹುದು. ಆದರೆ ಇಂಗ್ಲಿಷ್ ತೂಕದ ಪದ್ಧತಿಯಲ್ಲಿ ಒಂದು ಪೌಂಡಿಗೆ 7,000 ಗ್ರೇನ್. ಅಲ್ಲೂ ಏಳಿದೆ. ನಲವತ್ತರ ನೂಲಿನ 40 ಲಡಿ 7,000 ಗ್ರೇನ್ ತೂಗಬೇಕು. ಅಂದರೆ ಒಂದು ಲಡಿ 175 ಗ್ರೇನ್. ಅದನ್ನು ಏಳರಿಂದ ಭಾಗಿಸಿದರೆ ಒಂದು ಲೀಯ ತೂಕ 25 ಗ್ರೇನ್. ಈಗ 1,000ವನ್ನು 25ರಿಂದ ಭಾಗಿಸಿ. 40 ಬಂತು, ಅದೇ ಕೌಂಟ್! ಇದು ಆಕಸ್ಮಿಕವಲ್ಲ. ಲಡಿಯಲ್ಲಿರುವ ಏಳಕ್ಕೆ ಪೌಂಡಿನಲ್ಲಿರುವ ಏಳು ಹೊಡೆದುಹೋಗಿ ಸಾವಿರ ಮಾತ್ರ ಉಳಿಯುತ್ತದೆ. ಹೀಗಾಗಿ ಇಡೀ ಪೌಂಡನ್ನು ಬಿಚ್ಚಿ ಲಡಿ ಎಣಿಸಬೇಕಾಗಿಲ್ಲ. 120 ಗಜ ಸುತ್ತಿ, ಗ್ರೇನಿನಲ್ಲಿ ತೂಗಿ, ಸಾವಿರವನ್ನು ಆ ತೂಕದಿಂದ ಭಾಗಿಸಿದರೆ ಕೌಂಟ್ ಕೈಗೆ ಬರುತ್ತದೆ.

ಈ ಏಳನ್ನು ನೆನಪಿಡಿ. ಮುಂದೆ ಹಲವು ಸಲ ಎದುರಾಗುತ್ತದೆ.

ಒಡೆದು ನೋಡೋಣ

ಒಂದು ಸಂಖ್ಯೆಯ ಗುಣ ತಿಳಿಯಬೇಕಾದರೆ ಮೊದಲು ಅದನ್ನು ಒಡೆಯಬೇಕು. 840 ಸಮಸಂಖ್ಯೆ, ಆದ್ದರಿಂದ ಎರಡರಿಂದ ಶುರುಮಾಡಿ. 840ರ ಅರ್ಧ 420, ಅದರ ಅರ್ಧ 210, ಅದರ ಅರ್ಧ 105. ಇನ್ನು ಅರ್ಧ ಮಾಡಲು ಬರುವುದಿಲ್ಲ. 105ನ್ನು ಮೂರರಿಂದ ಭಾಗಿಸಿದರೆ 35, ಅದನ್ನು ಐದರಿಂದ ಭಾಗಿಸಿದರೆ 7. ಏಳನ್ನು ಮತ್ತೆ ಒಡೆಯಲಾಗದು. ಒಟ್ಟಿಗೆ ಬರೆದರೆ:

840 = 2 × 2 × 2 × 3 × 5 × 7

ಇಲ್ಲಿರುವ 2, 3, 5, 7 ಅವಿಭಾಜ್ಯ ಸಂಖ್ಯೆಗಳು. ಒಂದು ಮತ್ತು ತಮ್ಮನ್ನು ಬಿಟ್ಟು ಬೇರೆ ಯಾವುದರಿಂದಲೂ ಅವು ನಿಶ್ಶೇಷವಾಗಿ ಭಾಗವಾಗುವುದಿಲ್ಲ. ನೀವು ಬೇರೆ ದಾರಿ ಹಿಡಿದು 840 = 28 × 30 ಎಂದು ಶುರುಮಾಡಿದಿರಿ ಎನ್ನೋಣ. 28 ಎಂದರೆ 2 × 2 × 7. 30 ಎಂದರೆ 2 × 3 × 5. ಕೂಡಿಸಿ ನೋಡಿದರೆ ಮೂರು ಎರಡುಗಳು, ಒಂದು ಮೂರು, ಒಂದು ಐದು, ಒಂದು ಏಳು. ಅವೇ ಬಂದವು. ಎಲ್ಲಿಂದ ಒಡೆಯಲು ಹೊರಟರೂ ಕೊನೆಗೆ ಸಿಗುವ ಅವಿಭಾಜ್ಯಗಳು ಅವೇ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯ ಎಂಬ ದೊಡ್ಡ ಹೆಸರಿನಲ್ಲಿ ಬರುವುದು ಇದೇ ಮಾತು. ಇನ್ನು ಮುಂದೆ 840ರ ಬಗ್ಗೆ ಏನು ಹೇಳಿದರೂ ಈ ಆರು ಅಪವರ್ತನಗಳಿಂದಲೇ ಹೇಳುತ್ತೇನೆ.

ಮೂವತ್ತೆರಡು ಭಾಜಕಗಳು

840ನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಎಷ್ಟು? ಒಂದೊಂದಾಗಿ ಹುಡುಕುತ್ತ ಹೋಗಬಹುದು, ಆದರೆ ನಡುವೆ ಯಾವುದಾದರೂ ತಪ್ಪಿಹೋಗುವ ಭಯ. ಅದಕ್ಕಿಂತ ಹೀಗೆ ಯೋಚಿಸಿ. ಭಾಜಕವನ್ನು ಕಟ್ಟಲು ನಮ್ಮ ಹತ್ತಿರ ಇರುವ ಸಾಮಾನು ಮೂರು ಎರಡುಗಳು, ಒಂದು ಮೂರು, ಒಂದು ಐದು, ಒಂದು ಏಳು. ಎರಡನ್ನು ಒಂದೂ ತೆಗೆದುಕೊಳ್ಳದೆ ಇರಬಹುದು, ಅಥವಾ ಒಂದು, ಎರಡು, ಮೂರು ತೆಗೆದುಕೊಳ್ಳಬಹುದು. ಅಲ್ಲಿಗೆ ನಾಲ್ಕು ಬಗೆ. ಮೂರನ್ನು ತೆಗೆದುಕೊಳ್ಳಬಹುದು ಇಲ್ಲವೇ ಬಿಡಬಹುದು, ಎರಡು ಬಗೆ. ಐದಕ್ಕೂ ಎರಡು ಬಗೆ, ಏಳಕ್ಕೂ ಎರಡು ಬಗೆ. ಒಟ್ಟು 4 × 2 × 2 × 2 = 32. ಹುಡುಕುವ ಮೊದಲೇ ಎಷ್ಟು ಸಿಗಬೇಕೆಂದು ತಿಳಿಯಿತು.

ಈಗ ಜೋಡಿ ಮಾಡಿ ಬರೆಯೋಣ. ಒಂದೊಂದು ಜೋಡಿಯ ಗುಣಲಬ್ಧವೂ 840:

1 ಮತ್ತು 840, 2 ಮತ್ತು 420, 3 ಮತ್ತು 280, 4 ಮತ್ತು 210, 5 ಮತ್ತು 168, 6 ಮತ್ತು 140, 7 ಮತ್ತು 120, 8 ಮತ್ತು 105, 10 ಮತ್ತು 84, 12 ಮತ್ತು 70, 14 ಮತ್ತು 60, 15 ಮತ್ತು 56, 20 ಮತ್ತು 42, 21 ಮತ್ತು 40, 24 ಮತ್ತು 35, 28 ಮತ್ತು 30.

ಹದಿನಾರು ಜೋಡಿ, ಮೂವತ್ತೆರಡು ಭಾಜಕ. ಲೆಕ್ಕ ಕೂಡಿತು. ಕೊನೆಯ ಜೋಡಿ ನೋಡಿ: 28 ಮತ್ತು 30. ಎರಡರ ನಡುವೆ 29. ನಡುವಿನ ಸಂಖ್ಯೆಯ ವರ್ಗ 29 × 29 = 841, ನಮ್ಮ ಸಂಖ್ಯೆಗಿಂತ ಸರಿಯಾಗಿ ಒಂದು ಹೆಚ್ಚು. ಎರಡರ ಅಂತರವಿರುವ ಯಾವ ಜೋಡಿಯನ್ನು ಗುಣಿಸಿದರೂ ಹೀಗೇ ಆಗುತ್ತದೆ. 9 × 11 = 99, ಹತ್ತರ ವರ್ಗ 100. 19 × 21 = 399, ಇಪ್ಪತ್ತರ ವರ್ಗ 400. ಬಾಯಿಲೆಕ್ಕಕ್ಕೆ ಒಳ್ಳೆಯ ಉಪಾಯ.

ಈಗ 840ರ ನೆರೆಹೊರೆ ನೋಡಿ. 839 ಅವಿಭಾಜ್ಯ, ಅದಕ್ಕೆ ಎರಡೇ ಭಾಜಕ. 841 ಎಂದರೆ 29ರ ವರ್ಗ, ಅದಕ್ಕೆ 1, 29, 841 ಎಂಬ ಮೂರೇ ಭಾಜಕ. ನಡುವಿನ 840ಕ್ಕೆ ಮೂವತ್ತೆರಡು. ಗಾತ್ರದಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ, ಸ್ವಭಾವದಲ್ಲಿ ಎಷ್ಟು ದೂರ! ಸಂಖ್ಯೆಯ ಸ್ವಭಾವ ಅದರ ಅವಿಭಾಜ್ಯಗಳಿಂದ ಬರುತ್ತದೆ ಎಂದು ತರಗತಿಯಲ್ಲಿ ಹೇಳುವಾಗ ನಾನು ಈ ಮೂರು ಸಂಖ್ಯೆಗಳನ್ನೇ ಹಲಗೆಯ ಮೇಲೆ ಬರೆಯುತ್ತೇನೆ.

ಭಾಜಕಗಳ ಈ ಎಣಿಕೆಯನ್ನು ಶ್ರೀನಿವಾಸ ರಾಮಾನುಜನ್ ಬಹಳ ದೂರ ಕೊಂಡೊಯ್ದರು. ತನಗಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳಿಗಿಂತಲೂ ಹೆಚ್ಚು ಭಾಜಕಗಳಿರುವ ಸಂಖ್ಯೆಗಳ ಬಗ್ಗೆ ಅವರು 1915ರಲ್ಲಿ ಲಂಡನ್ ಗಣಿತ ಸಂಘದ ಪತ್ರಿಕೆಯಲ್ಲಿ ದೀರ್ಘ ಪ್ರಬಂಧ ಪ್ರಕಟಿಸಿದರು. 12, 24, 36, 48, 60, 120, 180, 240, 360, 720 ಇವೆಲ್ಲ ಅಂಥ ಸಂಖ್ಯೆಗಳು. 720ಕ್ಕೆ 30 ಭಾಜಕಗಳು. ಆ ದಾಖಲೆಯನ್ನು ಮುರಿಯುವ ಮುಂದಿನ ಸಂಖ್ಯೆಯೇ 840. ಅದರ ದಾಖಲೆ 1260ರವರೆಗೆ ನಿಲ್ಲುತ್ತದೆ, 1260ಕ್ಕೆ 36 ಭಾಜಕಗಳು.

ಇಂಥ ಸಂಖ್ಯೆಗಳ ಅವಿಭಾಜ್ಯಗಳಲ್ಲಿ ಒಂದು ಶಿಸ್ತು ಕಾಣುತ್ತದೆ. 840ರಲ್ಲಿ 2, 3, 5, 7 ಸಾಲಾಗಿ ಬಂದಿವೆ, ನಡುವೆ ಯಾವುದೂ ತಪ್ಪಿಲ್ಲ. ಏಳರ ಜಾಗದಲ್ಲಿ ಹನ್ನೊಂದನ್ನು ಕೂರಿಸಿ ನೋಡಿ: 2 × 2 × 2 × 3 × 5 × 11 = 1320. ಭಾಜಕಗಳು ಆಗಲೂ 32, ಸಂಖ್ಯೆ ಮಾತ್ರ ದೊಡ್ಡದಾಯಿತು. ಕಡಿಮೆ ಖರ್ಚಿನಲ್ಲಿ ಹೆಚ್ಚು ಭಾಜಕ ಬೇಕಾದರೆ ಚಿಕ್ಕ ಅವಿಭಾಜ್ಯಗಳನ್ನು ಬಿಟ್ಟು ಮುಂದಕ್ಕೆ ಹೋಗುವಂತಿಲ್ಲ. ಹಾಗೆಯೇ, ಒಂದು ಅವಿಭಾಜ್ಯ ಮೂರು ಸಲ ಬರಬೇಕಾದರೆ ಅದು ಎರಡೇ ಆಗಿರುವುದು ಅಗ್ಗ.

ಒಂದರಿಂದ ಎಂಟರವರೆಗೆ

ಈಗ 840ರ ಮುಖ್ಯ ಗುಣಕ್ಕೆ ಬರೋಣ. 1, 2, 3, 4, 5, 6, 7, 8 ಈ ಎಂಟೂ ಸಂಖ್ಯೆಗಳಿಂದ ನಿಶ್ಶೇಷವಾಗಿ ಭಾಗವಾಗುವ ಅತಿ ಚಿಕ್ಕ ಸಂಖ್ಯೆ 840. ಶಾಲೆಯ ಮಾತಿನಲ್ಲಿ ಹೇಳಿದರೆ, ಒಂದರಿಂದ ಎಂಟರವರೆಗಿನ ಸಂಖ್ಯೆಗಳ ಲ.ಸಾ.ಅ.

ಹೊಸದಾಗಿ ಕಲಿಯುವವರು ಇಲ್ಲಿ ಎಂಟನ್ನೂ ಗುಣಿಸಿಬಿಡುತ್ತಾರೆ. ಆಗ ಬರುವುದು 40,320. ಅದೂ ಈ ಎಂಟೂ ಸಂಖ್ಯೆಗಳಿಂದ ಭಾಗವಾಗುತ್ತದೆ ನಿಜ, ಆದರೆ 840ರ 48 ಪಟ್ಟು ದೊಡ್ಡದು. ಎಲ್ಲಿ ಹೆಚ್ಚಾಯಿತು? ಎಂಟರ ಸಲುವಾಗಿ ಮೂರು ಎರಡುಗಳು ಬೇಕು. ಅವು ಬಂದ ಮೇಲೆ ಎರಡಕ್ಕೂ ನಾಲ್ಕಕ್ಕೂ ಬೇರೆ ಏನೂ ಬೇಡ. ಮೂರಕ್ಕೆ ಒಂದು ಮೂರು ಬೇಕು. ಅದು ಬಂದರೆ ಆರಕ್ಕೂ ಸಾಕು, ಎರಡು ಆಗಲೇ ಇದೆ. ಐದಕ್ಕೆ ಐದು, ಏಳಕ್ಕೆ ಏಳು. ಮುಗಿಯಿತು: 8 × 3 × 5 × 7 = 840.

ಹತ್ತರಿಂದಲೂ ಹನ್ನೆರಡರಿಂದಲೂ 840 ಭಾಗವಾಗುತ್ತದೆ. ಒಂಬತ್ತರಿಂದ ಆಗುವುದಿಲ್ಲ, ಏಕೆಂದರೆ ಒಂಬತ್ತಕ್ಕೆ ಎರಡು ಮೂರುಗಳು ಬೇಕು, ಇಲ್ಲಿರುವುದು ಒಂದೇ. 720ರ ಜೊತೆ ಹೋಲಿಸಿ ನೋಡಿ. 720ರಲ್ಲಿ ಒಂಬತ್ತಿದೆ, ಏಳಿಲ್ಲ. 840ರಲ್ಲಿ ಏಳಿದೆ, ಒಂಬತ್ತಿಲ್ಲ.

ಮಗ್ಗದ ಮೇಲೆ ಇದಕ್ಕೆ ಅರ್ಥ ಬರುವುದು ಹೀಗೆ. ಹಾಸು ಎಂದರೆ ಉದ್ದಕ್ಕೆ ಬಿಗಿದ ನೂಲು, ಹೊಕ್ಕು ಎಂದರೆ ಲಾಳಿ ಅಡ್ಡಕ್ಕೆ ಒಯ್ಯುವ ನೂಲು. ಸೀರೆಯ ಅಂಚಿನ ಒಂದು ಸಣ್ಣ ನಮೂನೆ ಪ್ರತಿ 3 ಹೊಕ್ಕಿಗೆ ಮರಳಿ ಬರುತ್ತದೆ ಎನ್ನಿ. ಪಕ್ಕದ್ದು 5 ಹೊಕ್ಕಿಗೆ, ಅದರಾಚೆಯದು 7ಕ್ಕೆ, ಕೊನೆಯದು 8ಕ್ಕೆ. ನಾಲ್ಕೂ ಒಂದೇ ಗೆರೆಯಿಂದ ಶುರುವಾದರೆ ಮತ್ತೆ ನಾಲ್ಕೂ ಒಂದೇ ಗೆರೆಗೆ ಬರುವುದು 840 ಹೊಕ್ಕು ಬಿದ್ದ ಮೇಲೆ. ಇಂಚಿಗೆ 60 ಹೊಕ್ಕಿನ ಬಟ್ಟೆಯಾದರೆ 14 ಇಂಚಿಗೊಮ್ಮೆ. ಏಳರ ನಮೂನೆಯನ್ನು ತೆಗೆದು ಆರರದನ್ನು ಹಾಕಿದರೆ? 3, 5, 6, 8ರ ಲ.ಸಾ.ಅ. 120. ಎರಡೇ ಇಂಚಿಗೆ ಎಲ್ಲವೂ ಕೂಡಿಬಿಡುತ್ತವೆ. ಒಂದು ಏಳು ಎಷ್ಟು ದೂರ ಎಳೆಯುತ್ತದೆ ನೋಡಿ.

ನಿರುದ್ಧ: ಮಳಖೇಡದ ಕಾಲದ ಉಪಾಯ

ಲ.ಸಾ.ಅ. ಎಂಬುದು ಇಂಗ್ಲಿಷ್ ಶಾಲೆಗಳ ಜೊತೆಗೆ ಬಂದ ವಿದ್ಯೆ ಎಂದು ಹಲವರು ತಿಳಿದಿದ್ದಾರೆ. ಆದರೆ ಕ್ರಿ.ಶ. 850ರ ಸುಮಾರಿಗೇ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಆ ರಾಜ್ಯದ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಪುಸ್ತಕದ ಆರಂಭದಲ್ಲೇ ಅವರು ನೃಪತುಂಗನನ್ನು ಹೊಗಳುತ್ತಾರೆ. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ವಿದ್ವಾಂಸರ ಕಣ್ಣು ಇದರ ಮೇಲೆ ಬಿತ್ತು.

ಭಿನ್ನರಾಶಿಗಳನ್ನು ಕೂಡಿಸಬೇಕಾದರೆ ಛೇದಗಳನ್ನು ಒಂದೇ ಮಾಡಬೇಕು. ಎಲ್ಲ ಛೇದಗಳನ್ನೂ ಗುಣಿಸಿದರೆ ಕೆಲಸ ಆಗುತ್ತದೆ, ಆದರೆ ಸಂಖ್ಯೆಗಳು ಬೆಳೆದು ಲೆಕ್ಕ ಕೈಮೀರುತ್ತದೆ. ಮಹಾವೀರಾಚಾರ್ಯರು ಇದಕ್ಕೆ ಹತ್ತಿರದ ದಾರಿ ಹೇಳಿದರು. ಛೇದಗಳಲ್ಲಿ ಸಮಾನವಾಗಿರುವ ಅಪವರ್ತನವನ್ನು ಹೊರತೆಗೆದು, ಉಳಿದ ಭಾಗಲಬ್ಧಗಳ ಜೊತೆ ಅದನ್ನು ಗುಣಿಸಬೇಕು. ಹೀಗೆ ಬಂದ ಸಂಖ್ಯೆಗೆ ಅವರು ಕೊಟ್ಟ ಹೆಸರು ‘ನಿರುದ್ಧ’. 6 ಮತ್ತು 8ನ್ನು ತೆಗೆದುಕೊಳ್ಳಿ. ಎರಡರಲ್ಲೂ ಇರುವ ಅಪವರ್ತನ 2, ಉಳಿಯುವ ಭಾಗಲಬ್ಧಗಳು 3 ಮತ್ತು 4. ನಿರುದ್ಧ 2 × 3 × 4 = 24. ಇಂದು ನಾವು ಲ.ಸಾ.ಅ. ಎನ್ನುವುದು ಇದನ್ನೇ. ಭಾರತದ ಗಣಿತದಲ್ಲಿ ಈ ಉಪಾಯವನ್ನು ಮೊದಲು ಹೇಳಿದವರು ಅವರೇ ಎಂದು ಗಣಿತದ ಇತಿಹಾಸ ಬರೆದವರು ಗುರುತಿಸಿದ್ದಾರೆ.

ನಿರುದ್ಧದ ಲಾಭ ಎಷ್ಟೆಂದು ನೋಡಲು ಒಂದು ಲೆಕ್ಕ ಮಾಡೋಣ. ಒಂದು, ಅದಕ್ಕೆ ಅರ್ಧ, ಮೂರನೇ ಒಂದು, ನಾಲ್ಕನೇ ಒಂದು, ಹೀಗೆ ಎಂಟನೇ ಒಂದರವರೆಗೆ ಕೂಡಿಸಬೇಕು. ಎಲ್ಲಕ್ಕೂ ಛೇದ 840 ಮಾಡಿದರೆ ಅಂಶಗಳು 840, 420, 280, 210, 168, 140, 120, 105. ಕೂಡಿಸಿದರೆ 2283. ಉತ್ತರ 2283/840, ಮೂರರಿಂದ ಸಂಕ್ಷೇಪಿಸಿದರೆ 761/280. ಛೇದವನ್ನು 40,320 ಇಟ್ಟುಕೊಂಡು ಇದನ್ನೇ ಮಾಡಿ ನೋಡಿ, ಎಷ್ಟು ಹಾಳೆ ಬೇಕಾಗುತ್ತದೆ ಗೊತ್ತಾಗುತ್ತದೆ.

ಬೆಳಗಾವಿ ಅಧಿವೇಶನದ ಎರಡು ಸಾವಿರ ಗಜ

ನೂಲಿನ ಉದ್ದ ನಮ್ಮ ಊರಿನ ಚರಿತ್ರೆಯಲ್ಲಿ ಒಮ್ಮೆ ದೇಶದ ಸುದ್ದಿಯಾಗಿತ್ತು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಟಿಳಕವಾಡಿಯಲ್ಲಿರುವ ಕಾಂಗ್ರೆಸ್ ಬಾವಿ ಆ ಕಾಲದ್ದು. ಸದಸ್ಯತ್ವದ ನಿಯಮವನ್ನು ಆ ಅಧಿವೇಶನ ಬದಲಾಯಿಸಿತು. ಸದಸ್ಯರು ತಿಂಗಳಿಗೆ 2,000 ಗಜ, ವರ್ಷಕ್ಕೆ 24,000 ಗಜ ನೂಲು ಕೊಡಬೇಕು. ತಾವು ನೂಲಲಾರದವರು ಬೇರೆಯವರಿಂದ ನೂಲಿಸಿ ಕೊಡಬಹುದು.

ಈ ಎರಡು ಸಾವಿರ ಗಜವನ್ನು 840ರ ಲಡಿಯಲ್ಲಿ ಹೇಳುವುದಾದರೆ ಎಷ್ಟು? 2 ಲಡಿ ಆಗಿ 320 ಗಜ ಉಳಿಯುತ್ತದೆ. ವರ್ಷದ 24,000 ಗಜಕ್ಕೆ 28 ಲಡಿ ಆಗಿ 480 ಗಜ ಉಳಿಯುತ್ತದೆ. ಯಾಕೆ ಪೂರ್ತಿ ಲಡಿ ಆಗುವುದಿಲ್ಲ? ಒಡೆದು ನೋಡಿ. 2,000 ಎಂದರೆ ನಾಲ್ಕು ಎರಡುಗಳು, ಮೂರು ಐದುಗಳು. ಅದರಲ್ಲಿ ಮೂರೂ ಇಲ್ಲ, ಏಳೂ ಇಲ್ಲ. ಹನ್ನೆರಡು ತಿಂಗಳು ಸೇರಿದಾಗ ಹನ್ನೆರಡರಿಂದ ಒಂದು ಮೂರು ಸಿಕ್ಕಿತು, ಏಳು ಆಗಲೂ ಸಿಗಲಿಲ್ಲ. 840ರಿಂದ ಭಾಗವಾಗಬೇಕಾದರೆ ಏಳು ಬೇಕೇ ಬೇಕು.

ಹಾಗಾದರೆ ಎಷ್ಟು ತಿಂಗಳಿಗೆ ಲೆಕ್ಕ ಕೂಡುತ್ತದೆ? 2,000 ಮತ್ತು 840ರ ನಿರುದ್ಧ ತೆಗೆಯಿರಿ. ಎರಡರಲ್ಲೂ ಇರುವ ದೊಡ್ಡ ಅಪವರ್ತನ 40. ಉಳಿಯುವ ಭಾಗಲಬ್ಧಗಳು 50 ಮತ್ತು 21. ನಿರುದ್ಧ 40 × 50 × 21 = 42,000. ಅಂದರೆ 21 ತಿಂಗಳ ನೂಲು ಸರಿಯಾಗಿ 50 ಲಡಿ. ಭಾಗಲಬ್ಧಗಳೇ ಉತ್ತರವನ್ನು ಹೇಳಿಬಿಟ್ಟವು, ಗಮನಿಸಿದಿರಾ? 21 ಎಂದರೆ ಮೂರು ಏಳಲೆ, 2,000ದಲ್ಲಿ ಕೊರತೆಯಾಗಿದ್ದ ಎರಡು ಅವಿಭಾಜ್ಯಗಳು. ಕ್ಯಾಲ್ಕುಲೇಟರಿನಲ್ಲಿ 2,000ವನ್ನು 840ರಿಂದ ಭಾಗಿಸಿದರೆ 2.380952380952 ಎಂದು 380952 ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಹತ್ತರಲ್ಲಿ ಇರುವುದು ಎರಡು ಮತ್ತು ಐದು ಮಾತ್ರ. ಸಂಕ್ಷೇಪಿಸಿದ ಮೇಲೂ ಛೇದದಲ್ಲಿ ಮೂರೋ ಏಳೋ ಉಳಿದರೆ ದಶಮಾಂಶ ಮುಗಿಯುವುದಿಲ್ಲ.

ವರ್ಗಗಳು ಬಿಡುವ ಆರು ಶೇಷಗಳು

ಇಲ್ಲಿಯವರೆಗೆ ಬಂದವರಿಗೆ ಸ್ವಲ್ಪ ಮೇಲಿನ ಮೆಟ್ಟಿಲು ತೋರಿಸುತ್ತೇನೆ. ಏಳಕ್ಕಿಂತ ದೊಡ್ಡದಾದ ಯಾವುದೇ ಅವಿಭಾಜ್ಯವನ್ನು ತೆಗೆದುಕೊಳ್ಳಿ. ಅದರ ವರ್ಗ ಮಾಡಿ, 840ರಿಂದ ಭಾಗಿಸಿ, ಶೇಷ ಬರೆದಿಡಿ. 11ರ ವರ್ಗ 121, ಶೇಷ 121. 29ರ ವರ್ಗ 841, ಶೇಷ 1. 31ರ ವರ್ಗ 961, ಶೇಷ ಮತ್ತೆ 121. 37ರ ವರ್ಗ 1369, ಶೇಷ 529. 43ರ ವರ್ಗ 1849, ಶೇಷ 169. 53ರ ವರ್ಗ 2809, ಶೇಷ 289. ಎಷ್ಟು ದೂರ ಹೋದರೂ ಬರುವ ಶೇಷಗಳು ಆರೇ: 1, 121, 169, 289, 361, 529. ಇವೆಲ್ಲ ತಾವೇ ವರ್ಗಗಳು, ಕ್ರಮವಾಗಿ 1, 11, 13, 17, 19, 23ರ ವರ್ಗಗಳು.

ಯಾಕೆ ಆರೇ? 840ನ್ನು 8, 3, 5, 7 ಎಂದು ಬಿಡಿಸಿ ಉತ್ತರ ಹುಡುಕೋಣ. ಬೆಸಸಂಖ್ಯೆಯ ವರ್ಗವನ್ನು ಎಂಟರಿಂದ ಭಾಗಿಸಿದರೆ ಶೇಷ ಯಾವಾಗಲೂ 1. ಮೂರರಿಂದ ಭಾಗವಾಗದ ಸಂಖ್ಯೆಯ ವರ್ಗಕ್ಕೆ ಮೂರರ ಶೇಷವೂ ಯಾವಾಗಲೂ 1. ಐದರ ಶೇಷ 1 ಅಥವಾ 4, ಎರಡು ಬಗೆ. ಏಳರ ಶೇಷ 1, 2 ಅಥವಾ 4, ಮೂರು ಬಗೆ. ಒಟ್ಟು 1 × 1 × 2 × 3 = 6. ಭಾಜಕಗಳನ್ನು ಎಣಿಸಿದ ರೀತಿಯೇ ಇದು: ಅವಿಭಾಜ್ಯಗಳನ್ನು ಬೇರೆಬೇರೆಯಾಗಿ ವಿಚಾರಿಸಿ ಕೊನೆಗೆ ಗುಣಿಸಿದೆವು.

ಈ ಆರು ಶೇಷಗಳು ಗಣಿತದ ಒಂದು ಬಗೆಹರಿಯದ ಪ್ರಶ್ನೆಯ ಬಾಗಿಲಲ್ಲಿ ನಿಂತಿವೆ. ಅಂಶ ಒಂದೇ ಆಗಿರುವ ಭಿನ್ನರಾಶಿಗಳ ಬಗ್ಗೆ ಮಹಾವೀರಾಚಾರ್ಯರಿಗೂ ಆಸಕ್ತಿ ಇತ್ತು. ಒಂದನ್ನು ಇಂಥ ಎಷ್ಟು ಬೇಕಾದರೂ ಭಿನ್ನರಾಶಿಗಳ ಮೊತ್ತವಾಗಿ ಬರೆಯುವ ಸೂತ್ರವನ್ನು ಅವರು ಕೊಟ್ಟಿದ್ದಾರೆ. ನಾಲ್ಕು ಬೇಕಾದರೆ 1/2 + 1/3 + 1/9 + 1/18. ಕೂಡಿಸಿ ನೋಡಿ, ಸರಿಯಾಗಿ ಒಂದು. ಸೂತ್ರ ಸರಳ: 1/2ರಿಂದ ಶುರು, ಆಮೇಲೆ ಛೇದದಲ್ಲಿ 3, 9, 27 ಎಂದು ಮೂರರ ಘಾತಗಳು, ಕೊನೆಯ ಛೇದ ಮಾತ್ರ ಅದರ ಹಿಂದಿನದರ ಎರಡು ಪಟ್ಟು.

1948ರಲ್ಲಿ ಪಾಲ್ ಏರ್ಡಿಶ್ ಮತ್ತು ಅರ್ನ್ಸ್ಟ್ ಸ್ಟ್ರಾಸ್ ಎಂಬ ಗಣಿತಜ್ಞರು ಇದೇ ಜಾತಿಯ ಒಂದು ಊಹೆ ಮುಂದಿಟ್ಟರು. ನಾಲ್ಕನ್ನು ಎರಡು ಅಥವಾ ಅದಕ್ಕಿಂತ ದೊಡ್ಡ ಯಾವುದೇ ಪೂರ್ಣಸಂಖ್ಯೆಯಿಂದ ಭಾಗಿಸಿದ ಭಿನ್ನರಾಶಿಯನ್ನು, ಅಂಶ ಒಂದಿರುವ ಮೂರು ಭಿನ್ನರಾಶಿಗಳ ಮೊತ್ತವಾಗಿ ಬರೆಯಬಹುದು ಎಂಬುದು ಆ ಊಹೆ. 4/5 = 1/2 + 1/4 + 1/20. 4/7 = 1/2 + 1/15 + 1/210. ಲೂಯಿ ಮೊರ್ಡೆಲ್ ಎಂಬ ಗಣಿತಜ್ಞ ಹೆಚ್ಚಿನ ಸಂಖ್ಯೆಗಳಿಗೆ ಸೂತ್ರಗಳನ್ನು ಕೊಟ್ಟರು. ಆ ಸೂತ್ರಗಳಿಗೆ ಸಿಗದೆ ಉಳಿದವು ಯಾವುವು ಗೊತ್ತೇ? 840ರಿಂದ ಭಾಗಿಸಿದಾಗ 1, 121, 169, 289, 361, 529 ಶೇಷ ಬಿಡುವ ಸಂಖ್ಯೆಗಳು. ನಮ್ಮ ಆರು ವರ್ಗಶೇಷಗಳೇ! ವರ್ಗಶೇಷಗಳಿಗೆ ಆ ಬಗೆಯ ಸೂತ್ರ ಸಿಗುವುದಿಲ್ಲ ಎಂಬುದೂ ಗೊತ್ತಾಗಿದೆ.

ಈ ಊಹೆಯನ್ನು ಅವಿಭಾಜ್ಯಗಳಿಗೆ ಸಾಧಿಸಿದರೆ ಉಳಿದವಕ್ಕೆ ತಾನಾಗಿಯೇ ಬರುತ್ತದೆ. ಹಾಗೆ ಆ ಆರು ಶೇಷಗಳಲ್ಲಿ ಸಿಕ್ಕಿಕೊಳ್ಳುವ ಮೊದಲ ಅವಿಭಾಜ್ಯ 1009, ಅಂದರೆ 840 + 169. ಅದಕ್ಕೂ ಉತ್ತರ ಇದೆ: 4/1009 = 1/253 + 1/92828 + 1/1021108. ಪರೀಕ್ಷಿಸಲು ಭಯಪಡಬೇಡಿ. 92828 ಎಂದರೆ 1009 × 92, 1021108 ಎಂದರೆ 1009 × 1012. ಕೊನೆಯ ಎರಡನ್ನು ಮೊದಲು ಕೂಡಿಸಿದರೆ ಉಳಿದದ್ದು ಸುಲಭ. ಕಂಪ್ಯೂಟರಿನಿಂದ 1ರ ಮುಂದೆ 17 ಸೊನ್ನೆಗಳಷ್ಟು ದೂರದವರೆಗೂ ಹುಡುಕಿದ್ದಾರೆ, ಊಹೆ ಎಲ್ಲೂ ತಪ್ಪಿಲ್ಲ. ಆದರೂ ಎಲ್ಲ ಸಂಖ್ಯೆಗಳಿಗೂ ಸಲ್ಲುವ ಸಾಧನೆ ಇನ್ನೂ ಬಂದಿಲ್ಲ. ಎಷ್ಟು ಉದಾಹರಣೆ ಕೂಡಿಟ್ಟರೂ ಗಣಿತದಲ್ಲಿ ಅದು ಸಾಧನೆಯಾಗುವುದಿಲ್ಲ.

ನಿಮ್ಮ ಕೈಲೆಕ್ಕಕ್ಕೆ

ನಾಲ್ಕು ಲೆಕ್ಕ ಕೊಡುತ್ತೇನೆ. ಕ್ಯಾಲ್ಕುಲೇಟರ್ ಬೇಡ.

ಮೊದಲನೆಯದು: ಅರವತ್ತರ ನೂಲಿನ 120 ಗಜ ಎಷ್ಟು ಗ್ರೇನ್ ತೂಗುತ್ತದೆ? ಹದಿನಾರಕ್ಕಿಂತ ಸ್ವಲ್ಪ ಹೆಚ್ಚು ಬರಬೇಕು. ಆ ಸ್ವಲ್ಪ ಎಷ್ಟೆಂದು ಭಿನ್ನರಾಶಿಯಲ್ಲಿ ಹೇಳಿ.

ಎರಡನೆಯದು: ಮಹಾವೀರಾಚಾರ್ಯರ ಸೂತ್ರದಂತೆ ಒಂದನ್ನು ಐದು ಭಿನ್ನರಾಶಿಗಳಾಗಿ ಬರೆಯಿರಿ. ಕೊನೆಯ ಛೇದ 54 ಬಂದರೆ ದಾರಿ ಸರಿಯಾಗಿದೆ.

ಮೂರನೆಯದು: 97 ಅವಿಭಾಜ್ಯ. ಅದರ ವರ್ಗವನ್ನು 840ರಿಂದ ಭಾಗಿಸುವ ಮೊದಲೇ ಶೇಷವನ್ನು ಊಹಿಸಲು ನೋಡಿ. 97ಕ್ಕೆ ಐದರ ಶೇಷ 2, ಏಳರ ಶೇಷ 6. ಅವುಗಳ ವರ್ಗಗಳ ಶೇಷ 4 ಮತ್ತು 1. ಆರು ಶೇಷಗಳಲ್ಲಿ ಈ ಎರಡಕ್ಕೂ ಒಪ್ಪುವುದು ಒಂದೇ.

ನಾಲ್ಕನೆಯದು: ಒಂದರಿಂದ ಒಂಬತ್ತರವರೆಗೆ ಎಲ್ಲದರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ ಯಾವುದು? ಹೊಸದಾಗಿ ಶುರುಮಾಡಬೇಡಿ. 840ಕ್ಕೆ ಯಾವ ಅವಿಭಾಜ್ಯ ಎಷ್ಟು ಕಡಿಮೆ ಬಿತ್ತು ಎಂದು ಮಾತ್ರ ಕೇಳಿಕೊಳ್ಳಿ. ಉತ್ತರ 2520 ಬಂದ ಮೇಲೆ ಅದನ್ನು ಹತ್ತರಿಂದ ಭಾಗಿಸಿ ನೋಡಿ. ಅದೂ ಭಾಗವಾಗುತ್ತದೆ. ಹತ್ತಕ್ಕಾಗಿ ನಾವು ಏನೂ ಸೇರಿಸಲಿಲ್ಲವಲ್ಲ, ಹಾಗಾದರೆ ಹೇಗೆ ಭಾಗವಾಯಿತು? ಇದಕ್ಕೆ ನಿಮ್ಮದೇ ಮಾತಿನಲ್ಲಿ ಕಾರಣ ಬರೆಯಲು ಬಂದರೆ ಲ.ಸಾ.ಅ. ನಿಮಗೆ ಬಂದಂತೆ.